ಕಾಲೇಜಿನ ನಾಲ್ಕು ವಿಭಾಗಗಳಿಗೆ ಒಂದೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ: ಯಾವುದು ಸೂಕ್ತ?

ಪ್ರಶ್ನೆ (ರಸಾಯನಶಾಸ್ತ್ರ ಅಧ್ಯಾಪಕ)
ನಮ್ಮದು ಸ್ನಾತಕೋತ್ತರ ವಿಭಾಗಗಳಿರುವ ಅನುದಾನಿತ ಕಾಲೇಜು. ನಮಗೆ ನ್ಯಾನೊಕಣಗಳ ಆಕಾರ, ಸಸ್ಯಶಾಸ್ತ್ರದವರಿಗೆ ಪರಾಗ ಮತ್ತು ಎಳೆಯ ಅಂಗಾಂಶ, ಪ್ರಾಣಿಶಾಸ್ತ್ರದವರಿಗೆ ಕೀಟಗಳ ಬಾಯಿಯ ಭಾಗಗಳು, ಭೂವಿಜ್ಞಾನದವರಿಗೆ ಖನಿಜಗಳ ಧಾತು ಸಂಯೋಜನೆ ಬೇಕು. ಎಲ್ಲರೂ ಸೇರಿ ಒಂದೇ ಪ್ರಸ್ತಾವ ಸಲ್ಲಿಸಲಿದ್ದೇವೆ. ಮಾದರಿಯ ಮೇಲ್ಮೈಯನ್ನು ತೋರಿಸುವ ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಸಾಕೇ, ಒಳರಚನೆಯನ್ನು ತೋರಿಸುವ ಟಿಇಎಂ (ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಕೇಳಬೇಕೇ?

ಉತ್ತರ (ಉಪಕರಣ ಕೇಂದ್ರದ ತಾಂತ್ರಿಕ ಅಧಿಕಾರಿ)
ಟಿಇಎಂ ಆಸೆ ಬಿಡಿ. ಅದರಲ್ಲಿ ಎಲೆಕ್ಟ್ರಾನುಗಳು ಮಾದರಿಯನ್ನೇ ಹಾಯ್ದು ಹೋಗಬೇಕಾದ್ದರಿಂದ ಅಂಗಾಂಶವನ್ನು 100 ನ್ಯಾನೊಮೀಟರಿಗಿಂತ ತೆಳುವಾಗಿ ಕೊಯ್ಯಬೇಕು. ಅದಕ್ಕೆ ಅಲ್ಟ್ರಾಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರ, ವಜ್ರದ ಅಲಗು, ಚೆನ್ನಾಗಿ ಪಳಗಿದ ಕೈ ಬೇಕು. ನೀವು ಹೇಳಿದ್ದು ಬಹುಪಾಲು ಮೇಲ್ಮೈ ನೋಡುವ ಕೆಲಸ. ಕಾದ ಟಂಗ್‌ಸ್ಟನ್ ತಂತುವಿನಿಂದ ಎಲೆಕ್ಟ್ರಾನ್ ಹೊಮ್ಮಿಸುವ ಎಸ್‌ಇಎಂ, ಜೊತೆಗೆ ಧಾತುಗಳನ್ನು ಗುರುತಿಸುವ ಇಡಿಎಸ್ ಶೋಧಕ ಇದ್ದರೆ ಸಾಕು. ಕೈಪಿಡಿಯಲ್ಲಿ 30 ಕಿಲೋವೋಲ್ಟಿಗೆ 3 ನ್ಯಾನೊಮೀಟರಿನಷ್ಟು ಸೂಕ್ಷ್ಮ ವಿವರ ಕಾಣುತ್ತದೆ ಎಂದಿದ್ದರೂ ನಿತ್ಯದ ಬಳಕೆಯಲ್ಲಿ ಅದು ಸಿಗುವುದಿಲ್ಲ; 10 ನ್ಯಾನೊಮೀಟರಿನ ಕಣಗಳನ್ನು ಅಳೆಯಲು ಹೊರಗಿನ ಕೇಂದ್ರಕ್ಕೇ ಹೋಗಬೇಕಾದೀತು. ತಂತು ಕಾಯಿಸುವ ಬದಲು ಪ್ರಬಲ ವಿದ್ಯುತ್ ಕ್ಷೇತ್ರದಿಂದ ಎಲೆಕ್ಟ್ರಾನ್ ಸೆಳೆಯುವ ಫೀಲ್ಡ್ ಎಮಿಷನ್ ಎಸ್‌ಇಎಂ ಇನ್ನೂ ಸೂಕ್ಷ್ಮವಾಗಿ ತೋರಿಸುತ್ತದೆ ನಿಜ, ಆದರೆ ಅದರ ಅತಿನಿರ್ವಾತವನ್ನು ಹಗಲಿರುಳು ಕಾಯಬೇಕು. ನಮ್ಮ ಊರುಗಳ ವಿದ್ಯುತ್ತನ್ನು ನಂಬಿ ಅದನ್ನು ಕೊಳ್ಳಲು ನಾನಂತೂ ಹೇಳಲಾರೆ. ಟಂಗ್‌ಸ್ಟನ್ ತಂತು ಸುಮಾರು ನೂರು ಗಂಟೆಗೆ ಸುಟ್ಟುಹೋದರೂ ಅಗ್ಗ, ನೀವೇ ಬದಲಿಸಬಹುದು.

ಕೋಣೆ ನೆಲಮಹಡಿಯಲ್ಲಿರಲಿ. ಲಿಫ್ಟ್ ಅಥವಾ ಟ್ರಾನ್ಸ್‌ಫಾರ್ಮರ್ ಹತ್ತಿರವಿದ್ದರೆ ಕಾಂತಕ್ಷೇತ್ರದಿಂದ ಚಿತ್ರದ ಅಂಚುಗಳು ಗರಗಸದಂತಾಗುತ್ತವೆ.

ಉತ್ತರ (ಸಸ್ಯಶಾಸ್ತ್ರ ಸಂಶೋಧಕಿ)
ಮಾದರಿಯ ಮೇಲ್ಮೈ ವಿದ್ಯುತ್ ಹರಿಸುವಂತೆ ಮಾಡುವ ಚಿನ್ನದ ಲೇಪನ ಯಂತ್ರವನ್ನು ಎಲ್ಲರೂ ಪಟ್ಟಿಯಲ್ಲಿ ಸೇರಿಸುತ್ತಾರೆ, ಕ್ರಿಟಿಕಲ್ ಪಾಯಿಂಟ್ ಡ್ರೈಯರ್ ಅನ್ನು ಮರೆಯುತ್ತಾರೆ. ಒಣ ಪರಾಗಕ್ಕೆ ಅದು ಬೇಡ. ಎಳೆಯ ಅಂಗಾಂಶವನ್ನಾದರೋ ಗ್ಲುಟರಾಲ್ಡಿಹೈಡಿನಲ್ಲಿ ಸ್ಥಿರಗೊಳಿಸಿ, ಆಲ್ಕೋಹಾಲಿನಲ್ಲಿ ನೀರು ತೆಗೆದು, ಹಾಗೆಯೇ ಗಾಳಿಗಿಟ್ಟರೆ ದ್ರವದ ಮೇಲ್ಮೈ ಎಳೆತಕ್ಕೆ ಮುದುಡಿಹೋಗುತ್ತದೆ. ಈ ಯಂತ್ರವು ದ್ರವ ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ 31 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಆ ಎಳೆತವೇ ಇಲ್ಲದಂತೆ ಒಣಗಿಸುತ್ತದೆ.

ಉತ್ತರ (ನಿವೃತ್ತ ಪ್ರಾಂಶುಪಾಲ)
ಪ್ರಸ್ತಾವ ಬರೆಯುವ ಮೊದಲು ನಾಲ್ಕೂ ವಿಭಾಗಗಳ ಮಾದರಿಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲೋ, ದೇಶದ ಸಂಶೋಧನಾ ಉಪಕರಣಗಳನ್ನು ಹಂಚಿಕೊಳ್ಳುವ ಐ-ಸ್ಟೆಮ್ ಜಾಲತಾಣದ ಮೂಲಕ ಬೇರೆಡೆಯೋ ಪರೀಕ್ಷಿಸಿ, ತಿಂಗಳಿಗೆ ನಿಜವಾಗಿ ಎಷ್ಟು ಗಂಟೆ ಬೇಕೆಂದು ದಾಖಲೆ ಮಾಡಿಕೊಳ್ಳಿ. ವಿಜ್ಞಾನ ಸೌಕರ್ಯಗಳಿಗೆ ಅನುದಾನ ಕೊಡುವ ಕೇಂದ್ರ ಸರ್ಕಾರದ ಫಿಸ್ಟ್ ಯೋಜನೆ ಇರಲಿ, ರಾಜ್ಯದ ಕೆ-ಫಿಸ್ಟ್ ಇರಲಿ, ಪರಿಶೀಲಿಸುವವರ ಮುಂದೆ ಆ ದಾಖಲೆಗೆ ತೂಕವಿರುತ್ತದೆ. ಕೊಳ್ಳಲು ಹಣ ಸಿಕ್ಕಿದ ಕಾಲೇಜುಗಳು ವಾರಂಟಿ ಮುಗಿದ ಮೇಲೆ ನಿರ್ವಹಣೆಗೆ ತಡಕಾಡುವುದೇ ಹೆಚ್ಚು. ಆದ್ದರಿಂದ ಐದು ವರ್ಷಗಳ ನಿರ್ವಹಣಾ ಒಪ್ಪಂದದ ಬೆಲೆಯನ್ನು ಮೂಲ ಟೆಂಡರಿನಲ್ಲೇ ಕೇಳಿ, ಮತ್ತು ಯಂತ್ರ ನಡೆಸಲು ಒಬ್ಬ ಕಾಯಂ ವ್ಯಕ್ತಿಯನ್ನು ಆಡಳಿತ ಮಂಡಳಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಕೋಣೆಯ ಬೀಗದ ಕೈ ಮಾತ್ರ ಯಾವ ವಿಭಾಗದ ಮುಖ್ಯಸ್ಥರ ಬಳಿಯೂ ಇರಬಾರದು.