ಯುಗಾದಿಯಂದು ಕೂಡಿದ ಹಣವನ್ನು ಮ್ಯಾನ್ಮಾರ್‌ಗೆ ಯಾವ ದಾರಿಯಲ್ಲಿ ಕಳಿಸಬೇಕು?

ಸಂಘದ ಖಜಾಂಚಿ (ಪ್ರಶ್ನೆ, ಏಪ್ರಿಲ್ 2025)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಒಂದು ಸಣ್ಣ ಊರಿನ ಕನ್ನಡ ಸಂಘಕ್ಕೆ ಈ ವರ್ಷ ನಾನು ಖಜಾಂಚಿ. ಮಾರ್ಚ್ 28ರಂದು ಮ್ಯಾನ್ಮಾರಿನ ಸಗಾಯಿಂಗ್, ಮಂಡಲೆ ಭಾಗಗಳಲ್ಲಿ 7.7 ತೀವ್ರತೆಯ ಭೂಕಂಪವಾದ ಎರಡೇ ದಿನಕ್ಕೆ ಯುಗಾದಿ ಬಂತು. ನಮ್ಮ ಹಬ್ಬದ ಊಟ ಮುಂದಿನ ಶನಿವಾರ ನಡೆಯಿತು. ಆ ದಿನ ಹಾಲ್‌ನ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟಿದ್ದೆವು. ಹೋಳಿಗೆ ಉಂಡು ಹೊರಟವರು ಧಾರಾಳವಾಗಿಯೇ ಹಾಕಿದರು; ಎಣಿಸಿದಾಗ 2,340 ಪೌಂಡ್ ಆಯಿತು. ಇದರ ಜೊತೆಗೆ ಸದಸ್ಯರು ಮನೆಯಲ್ಲಿ ಉಳಿದಿದ್ದ ಔಷಧಿಗಳನ್ನೂ ತಂದುಕೊಟ್ಟಿದ್ದು, ಮೂರು ರಟ್ಟಿನ ಪೆಟ್ಟಿಗೆಗಳು ನನ್ನ ಗ್ಯಾರೇಜಿನಲ್ಲಿ ಕುಳಿತಿವೆ.

ಈಗ ಸಮಿತಿಯಲ್ಲಿ ಒಮ್ಮತವಿಲ್ಲ. ನಮ್ಮ ಹಿರಿಯರೊಬ್ಬರು, ಹಣದ ಪ್ರತಿಯೊಂದು ಪೈಸೆಯೂ ಮ್ಯಾನ್ಮಾರಿನ ಸಂತ್ರಸ್ತರ ಕೈಗೇ ಸೇರಬೇಕು, ಕಚೇರಿ ಖರ್ಚು, ಸಂಬಳ ಎಂದು ಯಾರೂ ಮುಟ್ಟಬಾರದು, ಹಾಗೆಂದು ಬರವಣಿಗೆಯಲ್ಲಿ ಒಪ್ಪಿಕೊಳ್ಳುವ ಸಂಸ್ಥೆಗೆ ಮಾತ್ರ ಕೊಡಬೇಕು ಎಂದು ಹಟ ಹಿಡಿದಿದ್ದಾರೆ. ಇನ್ನು ಕೆಲವರು ಅರ್ಧ ಹಣವನ್ನು ರಾಯಚೂರು ಕಡೆ ಆರೋಗ್ಯ ಕೇಂದ್ರ ನಡೆಸುವ ಪರಿಚಯದ ಟ್ರಸ್ಟ್ ಒಂದಕ್ಕೆ ಕಳಿಸೋಣ ಎನ್ನುತ್ತಾರೆ. ಡಿಇಸಿ ಎಂಬ ಇಲ್ಲಿನ ಪರಿಹಾರ ಸಂಸ್ಥೆಗಳ ಒಕ್ಕೂಟದ ಮೂಲಕ ಕೊಡುವುದು ಸರಿಯೇ, ಔಷಧಿಗಳನ್ನು ಏನು ಮಾಡಬೇಕು, ಹಿರಿಯರ ಷರತ್ತು ನ್ಯಾಯವೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಔಷಧಿ ಅಂಗಡಿ (ಉತ್ತರ)

ಖಜಾಂಚಿಯವರೇ, ಉಳಿದ ಪ್ರಶ್ನೆಗಳಿಗೆ ಬಲ್ಲವರು ಉತ್ತರಿಸಲಿ. ಪೆಟ್ಟಿಗೆಗಳ ಬಗ್ಗೆ ನಾನು ಹೇಳಬಲ್ಲೆ. ಅವುಗಳನ್ನು ಕಳಿಸಬೇಡಿ.

ನಾನು ವೃತ್ತಿಯಲ್ಲಿ ಫಾರ್ಮಸಿಸ್ಟ್. 2015ರ ನೇಪಾಳ ಭೂಕಂಪದ ನಂತರ ಮೂರು ವಾರ ಕಠ್ಮಂಡುವಿನ ಒಂದು ಗೋದಾಮಿನಲ್ಲಿ ಔಷಧಿ ಬೇರ್ಪಡಿಸುವ ಕೆಲಸ ಮಾಡಿದೆ. ಉದ್ದನೆಯ ಮೇಜಿನ ಮೇಲೆ ಚೀಲ ಸುರಿದರೆ ಮೊದಲು ಕಾಣುತ್ತಿದ್ದುದು ಕತ್ತರಿಯಲ್ಲಿ ಕತ್ತರಿಸಿದ ಅರ್ಧರ್ಧ ಸ್ಟ್ರಿಪ್‌ಗಳು. ಮಾತ್ರೆಯ ಹೆಸರು ಈ ಅರ್ಧದಲ್ಲಿದ್ದರೆ ಅವಧಿ ಮುಗಿಯುವ ತಾರೀಖು ಯಾರದೋ ಮನೆಯಲ್ಲಿ ಉಳಿದ ಇನ್ನೊಂದು ಅರ್ಧದಲ್ಲಿ ಇರುತ್ತಿತ್ತು. ತಾರೀಖಿಲ್ಲದ ಮಾತ್ರೆಯನ್ನು ಯಾವ ವೈದ್ಯರೂ ರೋಗಿಗೆ ಕೊಡಲಾರರು, ಆದ್ದರಿಂದ ಅದು ನೇರವಾಗಿ ಕಸದ ಚೀಲಕ್ಕೆ. ಮಕ್ಕಳ ಕೆಮ್ಮಿನ ಸಿರಪ್ಪು ಅರ್ಧ ಬಾಟಲಿ ಬಂದಿತ್ತು. ಮುಚ್ಚಳ ಸಡಿಲವಾಗಿ ಸೋರಿ, ಒಳಗಿದ್ದ ಬ್ಯಾಂಡೇಜು ಸುರುಳಿಗಳೆಲ್ಲ ಅಂಟಂಟಾಗಿ ಕೆಟ್ಟಿದ್ದವು. ಬೇಕಿದ್ದುದು ಆ ಬ್ಯಾಂಡೇಜುಗಳೇ.

ಇದು ಒಂದು ಗೋದಾಮಿನ ಕಥೆ ಮಾತ್ರವಲ್ಲ. 1988ರಲ್ಲಿ ಆರ್ಮೇನಿಯಾದಲ್ಲಿ ಭೂಕಂಪವಾದಾಗ 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಹರಿದುಬಂತು. ಏನೇನು ಬಂದಿದೆ ಎಂದು ತಿಳಿಯುವುದಕ್ಕೇ 50 ಜನರಿಗೆ ಆರು ತಿಂಗಳು ಹಿಡಿಯಿತು. ಬಂದಾಗಲೇ 8% ಅವಧಿ ಮೀರಿತ್ತು, 4% ಹಿಮಕ್ಕೆ ಸಿಕ್ಕಿ ಹಾಳಾಯಿತು, ಉಳಿದುದರಲ್ಲಿ ಸುಲಭವಾಗಿ ಗುರುತಿಸಲು ಬಂದದ್ದು 30% ಮಾತ್ರ. ಇಂಥ ಅನುಭವಗಳಿಂದಲೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ಪಡೆಯುವವರು ಕೇಳಿದ್ದನ್ನು ಮಾತ್ರ ಕೊಡಬೇಕು, ತಲುಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು, ಒಮ್ಮೆ ರೋಗಿಯ ಕೈಗೆ ಕೊಟ್ಟು ಮರಳಿ ಬಂದ ಔಷಧಿಯನ್ನು ದಾನ ಮಾಡಲೇಬಾರದು ಎಂಬುದು ಅದರ ಸಾರ. ನಿಮ್ಮ ಮೂರೂ ಪೆಟ್ಟಿಗೆಗಳು ಈ ಕೊನೆಯ ಮಾತಿಗೇ ಸಿಕ್ಕಿಬೀಳುತ್ತವೆ. ಇಂಗ್ಲೆಂಡಿನಲ್ಲಿ ಬೇಡವಾದ ಔಷಧಿಯನ್ನು ಹತ್ತಿರದ ಫಾರ್ಮಸಿಗೆ ಕೊಟ್ಟರೆ ಅವರೇ ಸುರಕ್ಷಿತವಾಗಿ ನಾಶಮಾಡಿಸುತ್ತಾರೆ. ತಂದುಕೊಟ್ಟವರಿಗೆ ಬೇಸರವಾಗಬಹುದು, ಆದರೂ ಹೇಳಿಬಿಡಿ.

ಲೆಕ್ಕದ ಪುಸ್ತಕ

ಪರಿಹಾರ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಬಹಳ ಕಾಲ ಇದ್ದವನು ನಾನು. ಹಿರಿಯರ ಷರತ್ತಿನ ಹಿಂದಿರುವ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಆ ಷರತ್ತು ಹಣದ ಕೈಕಾಲು ಕಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

2004ರ ಡಿಸೆಂಬರ್ 26ರ ಸುನಾಮಿಯನ್ನೇ ನೋಡಿ. ಅಲೆಗಳು ಸುಮಾರು 2.3 ಲಕ್ಷ ಜನರನ್ನು ಕೊಂಡೊಯ್ದವು. ಜಗತ್ತು ಮರುಗಿ ಹಣ ಸುರಿಯಿತು. ಡಿಇಸಿ ಒಂದೇ ಬ್ರಿಟನ್ನಿನ ಜನರಿಂದ 39.2 ಕೋಟಿ ಪೌಂಡ್ ಕೂಡಿಸಿತು. ಒಂದು ವಾರದೊಳಗೇ ಎಂಎಸ್ಎಫ್, ಅಂದರೆ ಗಡಿಯಿಲ್ಲದ ವೈದ್ಯರ ಸಂಸ್ಥೆ, ಸುನಾಮಿ ಪ್ರದೇಶದಲ್ಲಿ ತಾನು ಮಾಡಬಲ್ಲ ಕೆಲಸಕ್ಕೆ ಬೇಕಾದಷ್ಟು ಹಣ ಬಂದಿದೆ, ಇನ್ನು ಈ ಹೆಸರಿನಲ್ಲಿ ಕೊಡಬೇಡಿ ಎಂದು ಬಹಿರಂಗವಾಗಿ ಹೇಳಿತು. ಆಗಲೇ ಕೊಟ್ಟವರನ್ನೂ, ನಿಮ್ಮ ಹಣವನ್ನು ಬೇರೆ ಕಡೆಯ ಸಂಕಟಕ್ಕೆ ಬಳಸಲು ಒಪ್ಪುವಿರಾ ಎಂದು ಕೇಳಿತು, ಹೆಚ್ಚಿನವರು ಒಪ್ಪಿದರು. ಉಳಿದ ಅನೇಕ ಸಂಸ್ಥೆಗಳಿಗೆ ಆ ಧೈರ್ಯ ಬರಲಿಲ್ಲ. ಪರಿಹಾರ ಸಂಸ್ಥೆಗಳೇ ಕೂಡಿ 2006ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ, ಸುನಾಮಿಗೆ ಸಿಕ್ಕಿದ ಪ್ರತಿಯೊಬ್ಬ ಸಂತ್ರಸ್ತನ ಲೆಕ್ಕಕ್ಕೆ 7,100 ಡಾಲರ್ ನೆರವು ಬಂದರೆ, ಅದೇ 2004ರಲ್ಲಿ ಬಾಂಗ್ಲಾದೇಶದ ಪ್ರವಾಹಕ್ಕೆ ಸಿಕ್ಕಿದವರಿಗೆ ತಲೆಗೆ ಬಂದದ್ದು 3 ಡಾಲರ್. ಬಾಂಗ್ಲಾದೇಶದ ನೀರು ಟೀವಿಯಲ್ಲಿ ಅಷ್ಟಾಗಿ ಕಾಣಲಿಲ್ಲ, ಅಷ್ಟೇ.

ಹಣಕ್ಕೆ ಕಟ್ಟುಪಾಡು ಹಾಕದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಬಾಂಗ್ಲಾದೇಶವೇ ಉದಾಹರಣೆ. ವಿಶ್ವಸಂಸ್ಥೆಯ ಸೆರ್ಫ್ ಎಂಬ ತುರ್ತು ನಿಧಿ 2006ರಿಂದ ಇದೆ. ದೇಶಗಳು ಇಂಥದೇ ವಿಪತ್ತಿಗೆ ಎಂದು ಹೇಳದೆ ಅದರಲ್ಲಿ ಮುಂಚಿತವಾಗಿ ಹಣ ಇಟ್ಟಿರುತ್ತವೆ. 2020ರ ಜುಲೈಯಲ್ಲಿ ಅಲ್ಲಿನ ಜಮುನಾ ನದಿ ಉಕ್ಕಲಿದೆ ಎಂಬ ಮುನ್ಸೂಚನೆ ಬಂದೊಡನೆ, ಪ್ರವಾಹ ಗರಿಷ್ಠ ಮಟ್ಟಕ್ಕೆ ಏರುವ ಮೊದಲೇ, ಆ ನಿಧಿಯಿಂದ 52 ಲಕ್ಷ ಡಾಲರ್ ಬಿಡುಗಡೆಯಾಯಿತು. ಕುಟುಂಬಗಳ ಮೊಬೈಲಿಗೇ ಹಣ ಹೋಯಿತು. ಹೆಣ ಬಿದ್ದ ಮೇಲೆ ಡಬ್ಬಿ ಹಿಡಿಯುವ ದಾನದಿಂದ ಈ ಕೆಲಸ ಆಗಲಾರದು.

ಇನ್ನು ವ್ಯಾವಹಾರಿಕ ಸಂಗತಿಗಳು. ಡಿಇಸಿ 1963ರಿಂದ ಇರುವ ಒಕ್ಕೂಟ. ಅದರ 15 ಸದಸ್ಯ ಸಂಸ್ಥೆಗಳಲ್ಲಿ ಹಲವರಿಗೆ ಮ್ಯಾನ್ಮಾರಿನೊಳಗಿನ ಸ್ಥಳೀಯ ಗುಂಪುಗಳ ಜೊತೆ ಮೊದಲಿನಿಂದಲೂ ಸಂಬಂಧವಿದೆ. 2021ರ ಸೇನಾ ದಂಗೆಯ ನಂತರ ಅಲ್ಲಿ ಅಂತರ್ಯುದ್ಧ ನಡೆಯುತ್ತಿರುವುದರಿಂದ, ಹೊರಗಿನಿಂದ ಹೊಸದಾಗಿ ಹೋಗುವವರಿಗಿಂತ ಅಲ್ಲೇ ಇದ್ದವರಿಗೆ ಬಲಕೊಡುವುದೇ ಲೇಸು. ಡಬ್ಬಿಗೆ ಬಿದ್ದ ಹಣವನ್ನು ಒಂದೇ ಮೊತ್ತವಾಗಿ ಕಳಿಸಿದರೆ ಗಿಫ್ಟ್ ಏಡ್, ಅಂದರೆ ದಾನದ ಮೇಲೆ ಸರಕಾರ ಮರಳಿಸುವ ತೆರಿಗೆ ಹಣ, ಸಿಗುವುದಿಲ್ಲ. ಆದ್ದರಿಂದ ಮುಂದಿನ ಬಾರಿ ಲಕೋಟೆ ಇಟ್ಟು, ತೆರಿಗೆ ಕಟ್ಟುವವರಿಂದ ಹೆಸರು, ವಿಳಾಸ, ಸಹಿ ಪಡೆಯಿರಿ. ಸರಕಾರ ಪ್ರತಿ ಪೌಂಡಿಗೆ 25 ಪೆನ್ಸ್ ಸೇರಿಸುತ್ತದೆ.

ರಾಯಚೂರಿನ ಟ್ರಸ್ಟಿನ ವಿಷಯದಲ್ಲಿ ಎಚ್ಚರವಿರಲಿ. ನಿಮ್ಮ ಸಂಘ ಬ್ರಿಟನ್ನಿನದು, ಆದ್ದರಿಂದ ಸದಸ್ಯರೆಲ್ಲ ಕನ್ನಡಿಗರಾದರೂ ಅದು ಕಳಿಸುವುದು ವಿದೇಶಿ ದೇಣಿಗೆಯೇ. ಟ್ರಸ್ಟಿಗೆ ಎಫ್‌ಸಿಆರ್‌ಎ ಎಂಬ ಭಾರತದ ವಿದೇಶಿ ದೇಣಿಗೆ ಕಾನೂನಿನಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿನ ಅವರ ಖಾತೆಗೇ ಬರಬೇಕು, 2020ರ ತಿದ್ದುಪಡಿಯ ನಂತರ ಅದನ್ನು ಅವರು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ 20% ಮೀರುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಈ ಕಾನೂನು ಅಡ್ಡ ಬರುವುದಿಲ್ಲ. ಓಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವವಿರುವ ಭಾರತೀಯ ಮೂಲದವರು, ಕೊಟ್ಟರೆ ಬರುತ್ತದೆ.

ಸಿಸ್ಟರ್

ರಾಯಚೂರಿನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಆ ಜಿಲ್ಲೆಯಲ್ಲಿ ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ) ಆಗಿ ಕೆಲಸ ಮಾಡಿ ನಿವೃತ್ತಳಾದೆ. ಲೆಕ್ಕದ ಪುಸ್ತಕದವರು ಹೇಳಿದ ಎಲ್ಲವನ್ನೂ ಒಪ್ಪುತ್ತೇನೆ, ಆದರೆ ಒಂದೇ ಕೆಲಸಕ್ಕೆಂದು ಕಟ್ಟಿ ಕೊಟ್ಟ ಹಣ ಯಾವಾಗಲೂ ಕೆಟ್ಟದ್ದು ಎನ್ನುವಂತಿಲ್ಲ. ಭಾರತದಿಂದ ಪೋಲಿಯೋ ಹೋದದ್ದು ಆ ಬಗೆಯ ಹಣದಿಂದಲೂ ಹೌದು.

ರೋಟರಿಯವರು 1985ರಲ್ಲಿ ಪೋಲಿಯೋ ಒಂದನ್ನೇ ಹಿಡಿದು ಹಣ ಕೂಡಿಸಲು ಹೊರಟರು. 1988ರಲ್ಲಿ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳನ್ನು ಅದು ಬಾಧಿಸುತ್ತಿತ್ತು. ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಾವು ಮುಕ್ತರೆಂದು ಘೋಷಣೆಯಾಯಿತು. ನಮ್ಮ ಸರಕಾರವೂ ಅಪಾರ ಹಣ ಹಾಕಿತು, ಅದನ್ನು ಮರೆಯಬಾರದು.

ಹಿರಿಯರು ಬೇಡವೆನ್ನುವ ಆ ಕಚೇರಿ ಖರ್ಚು ಎಂದರೆ ಏನು ಎಂದು ಹೇಳುತ್ತೇನೆ. ಪಲ್ಸ್ ಪೋಲಿಯೋ ಭಾನುವಾರ ಮುಗಿದ ಮೇಲೆ ನಾವು ಮನೆಮನೆಗೆ ಹೋಗುತ್ತಿದ್ದೆವು. ಎಲ್ಲ ಮಕ್ಕಳಿಗೂ ಹನಿ ಆಗಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ‘ಪಿ’, ಒಂದು ಮಗು ತಪ್ಪಿದ್ದರೂ ‘ಎಕ್ಸ್’. ಎಕ್ಸ್ ಬರೆದ ಮನೆಗೆ ಮತ್ತೆ ಹೋಗಬೇಕು. ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋದವರ ಮನೆಯಾದರೆ, ಅವರು ಬರುವವರೆಗೂ ಹೋಗುತ್ತಲೇ ಇರಬೇಕು. ಲಸಿಕೆಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಬಿಸಿಲು ತಾಗಿ ಚೌಕದ ಬಣ್ಣ ವೃತ್ತದಷ್ಟೇ ಗಾಢವಾದರೆ ಸೀಸೆಯನ್ನು ಎಸೆಯಬೇಕು. ರಾಯಚೂರಿನ ಬಿಸಿಲಿನಲ್ಲಿ ಅದು ಆಗದಂತೆ ನೋಡಿಕೊಳ್ಳುವುದು ಐಸ್ ಪ್ಯಾಕ್ ತಂದುಕೊಡುವವನ ಕೆಲಸ. ಯಾವುದಾದರೂ ಮಗುವಿನ ಕಾಲು ಇದ್ದಕ್ಕಿದ್ದಂತೆ ಸೋತರೆ, ಎರಡು ದಿನ ಮಲದ ಮಾದರಿ ತೆಗೆದು ಹಿಮದಲ್ಲಿಟ್ಟು ಬೆಂಗಳೂರಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಐಸ್ ಪ್ಯಾಕಿನವನ ಕೂಲಿ, ಡಬ್ಬ ಹೊತ್ತವನ ಬಸ್ ಚಾರ್ಜು, ರಿಜಿಸ್ಟರು ಬರೆದವಳ ಸಂಬಳ, ಎಲ್ಲವೂ ಯಾವುದೋ ಪುಸ್ತಕದಲ್ಲಿ ಆಡಳಿತ ವೆಚ್ಚವೇ. ಅದನ್ನು ಕಳೆದರೆ ಉಳಿಯುವುದು ಬಿಸಿಲಿಗೆ ಬಣ್ಣ ತಿರುಗಿದ ಸೀಸೆ.

ಲೆಕ್ಕದ ಪುಸ್ತಕ

ಸಿಸ್ಟರ್ ಅವರೇ, ನನ್ನ ಮಾತು ಸ್ವಲ್ಪ ಬಿಗಿಯಾಯಿತು, ಒಪ್ಪಿದೆ. ಪೋಲಿಯೋ ಹಣದ ಗುಟ್ಟೆಂದರೆ ಅದು ಒಂದು ರೋಗಕ್ಕೆ ಕಟ್ಟುಬಿದ್ದಿದ್ದರೂ ಖರ್ಚಾದದ್ದು ಜನರ ಮೇಲೆ. 2014ರಲ್ಲಿ ನೈಜೀರಿಯಾದ ಲಾಗೋಸ್ ನಗರಕ್ಕೆ ವಿಮಾನದಲ್ಲಿ ಎಬೋಲಾ ಬಂದಾಗ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಲು ಇಳಿದವರು ಅಲ್ಲಿನ ಪೋಲಿಯೋ ತಂಡದವರೇ. ಪಶ್ಚಿಮ ಆಫ್ರಿಕಾದ ಬೇರೆ ದೇಶಗಳಲ್ಲಿ ಸಾವಿರಾರು ಜನ ಸಾಯುತ್ತಿದ್ದಾಗ ನೈಜೀರಿಯಾದಲ್ಲಿ ಅದು 20 ಪ್ರಕರಣ, 8 ಸಾವಿಗೆ ನಿಂತಿತು. ಪೋಲಿಯೋ ಲೆಕ್ಕದ ಹಣ ಎಬೋಲಾ ಕೆಲಸಕ್ಕೆ ಸಲ್ಲದು ಎಂದು ದಾನಿಗಳು ಅಂದು ತಕರಾರು ತೆಗೆದಿದ್ದರೆ ಏನಾಗುತ್ತಿತ್ತೋ ಊಹಿಸಿ. ಈ ವರ್ಷವಂತೂ ಅಮೆರಿಕ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿಯಿತು. ಬ್ರಿಟನ್ 2027ರ ವೇಳೆಗೆ ತನ್ನ ನೆರವನ್ನು ರಾಷ್ಟ್ರೀಯ ಆದಾಯದ 0.5%ರಿಂದ 0.3%ಕ್ಕೆ ಇಳಿಸುವುದಾಗಿ ಫೆಬ್ರವರಿಯಲ್ಲಿ ಹೇಳಿತು. ಇಂಥ ತಂಡಗಳ ಸಂಬಳವೇ ಮೊದಲು ನಿಲ್ಲುತ್ತದೆ.

ಹಿರಿಯರಿಗೆ ನನ್ನ ಸಲಹೆ ಇಷ್ಟು: ಎಷ್ಟು ಶೇಕಡಾ ಕಚೇರಿಗೆ ಹೋಯಿತು ಎಂದು ಕೇಳುವ ಬದಲು, ಆರು ತಿಂಗಳ ನಂತರ ಏನು ಮಾಡಿದಿರಿ, ಏನು ಮಾಡಲಾಗಲಿಲ್ಲ ಎಂದು ಕೇಳಲಿ. ಎರಡನೆಯದಕ್ಕೆ ನೇರವಾಗಿ ಉತ್ತರ ಕೊಡುವ ಸಂಸ್ಥೆಯನ್ನು ನಾನು ನಂಬುತ್ತೇನೆ.

ಸಂಘದ ಖಜಾಂಚಿ

ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆ ಇರಲಿ. ನಿನ್ನೆ ಸಮಿತಿ ಸೇರಿತ್ತು, ನಿಮ್ಮೆಲ್ಲರ ಉತ್ತರಗಳನ್ನು ಓದಿ ಹೇಳಿದೆ. ಡಬ್ಬಿಯ ಮೇಲೆ ಮ್ಯಾನ್ಮಾರ್ ಎಂದು ನಾವೇ ಬರೆದಿದ್ದರಿಂದ 2,340 ಪೌಂಡ್ ಪೂರ್ತಿಯಾಗಿ ಡಿಇಸಿಯ ಮ್ಯಾನ್ಮಾರ್ ನಿಧಿಗೆ ಹೋಗುತ್ತದೆ, ಬೇರೆ ಷರತ್ತಿಲ್ಲ. ರಾಯಚೂರಿನ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇಲ್ಲವೆಂದು ಫೋನ್ ಮಾಡಿದಾಗ ತಿಳಿಯಿತು. ಭಾರತದ ಪಾಸ್‌ಪೋರ್ಟ್ ಇರುವ ಏಳು ಮಂದಿ ತಮ್ಮ ತಮ್ಮ ಖಾತೆಯಿಂದ ಕಳಿಸುವುದಾಗಿ ಒಪ್ಪಿದ್ದಾರೆ. ಹಿರಿಯರು ಬಹಳ ಹೊತ್ತು ಮೌನವಾಗಿದ್ದು, ಐಸ್ ಪ್ಯಾಕ್ ತರುವವನಿಗೆ ದಿನಕ್ಕೆ ಎಷ್ಟು ಕೊಡುತ್ತಿದ್ದರು ಎಂದು ಸಿಸ್ಟರ್ ಅವರನ್ನು ಕೇಳಲು ಹೇಳಿದ್ದಾರೆ.

ಪೆಟ್ಟಿಗೆಗಳನ್ನು ಇಂದು ಬೆಳಿಗ್ಗೆ ಫಾರ್ಮಸಿಗೆ ಕೊಟ್ಟು ಬಂದೆ. ಕೊಡುವ ಮೊದಲು ಒಂದನ್ನು ತೆರೆದು ನೋಡಿದೆ. ಮೇಲೆಯೇ ಒಂದು ಅರ್ಧ ಸ್ಟ್ರಿಪ್ ಇತ್ತು, ತಾರೀಖಿರಲಿಲ್ಲ.