8×42 ಆ 10×42 ಆ? ಕನ್ನಡಕ ಹಾಕೋನಿಗೆ, ಬೆಟ್ಟ ಹತ್ತೋನಿಗೆ ಒಂದೊಳ್ಳೆ ದುರ್ಬೀನು ಹೇಳಿ

ನಂದಿ_ತಪ್ಪಲು, ಚಿಕ್ಕಬಳ್ಳಾಪುರ

ಎಲ್ರಿಗೂ ನಮಸ್ಕಾರ. ನನಗೆ 54, ಕನ್ನಡಕ ಇದೆ, ಎಂಟತ್ತು ವರ್ಷದಿಂದ ಒಂದು 10×50 ದುರ್ಬೀನು ಕತ್ತಿಗೆ ನೇತಾಕ್ಕೊಂಡು ನಂದಿ, ಸ್ಕಂದಗಿರಿ, ಕೈವಾರ ಅಂತ ಸುತ್ತಾಡ್ತಾ ಇದೀನಿ. ಅದು ಸುಮಾರು ಒಂದು ಕೆಜಿ ತೂಗುತ್ತೆ, ಸ್ಕಂದಗಿರಿ ಅರ್ಧ ಹತ್ತೋಷ್ಟರಲ್ಲಿ ಕತ್ತು ಹಿಡ್ಕೊಳ್ಳುತ್ತೆ, ಸರಿ ಅಂತ ಬ್ಯಾಗಿಗೆ ಹಾಕಿದ್ರೆ ಆಗಲೇ ಹಕ್ಕಿ ಬಂದು ಕೂರುತ್ತೆ, ಜಿಪ್ ಎಳೆಯೋಷ್ಟರಲ್ಲಿ ಹೋಗಿರುತ್ತೆ. ಹೋದ ಮಳೆಗಾಲದಲ್ಲಿ ಗಾಜಿನ ಒಳಗೆ ಫಂಗಸ್ ಬೇರೆ ಬಂತು. ರಿಪೇರಿಗೆ ಕೊಟ್ಟೆ, ಬಿಚ್ಚಿ ಒರೆಸಿ ಕೊಟ್ರು, ಅವತ್ತಿಂದ ಒಂದು ಕಾಗೆ ಎರಡು ಕಾಗೆ ಆಗಿದೆ.

ಮೂರು ವಾರದ ಹಿಂದಿನ ಕಥೆ ಕೇಳಿ. ಬಂಡೆ ಸಂದಿನ ಪೊದೆ ಮೇಲೆ ಒಂದು ಪಿಕಳಾರ ಕೂತಿತ್ತು, ಸೂರ್ಯ ಅದರ ಹಿಂದೆ. ಹಳದಿ ಕೊರಳಿನ ಪಿಕಳಾರ ಇರ್ಬೇಕು ಅಂತ ಎದೆ ಡವಡವ ಅನ್ತಿದೆ, ಪಕ್ಕದಲ್ಲಿದ್ದ ಕಾಲೇಜು ಹುಡುಗ ತನ್ನ ಪುಟಾಣಿ ಬೈನಾಕ್ಯುಲರ್ ಎತ್ತಿ ನೋಡಿ 'ಅಂಕಲ್, ಹುಬ್ಬು ಬಿಳಿ ಇದೆ, ಇದು ಬಿಳಿಹುಬ್ಬಿಂದು' ಅಂದ್ಬಿಟ್ಟ. ನನಗೆ ಹುಬ್ಬೂ ಕಾಣಲಿಲ್ಲ ಕೊರಳೂ ಕಾಣಲಿಲ್ಲ, ನೇರಳೆ ಅಂಚು ಕಟ್ಟಿದ ಒಂದು ಕಪ್ಪು ಉಂಡೆ ಅಷ್ಟೇ.

ಚೀಟಿ ಎತ್ತಿರೋ ದುಡ್ಡಿದೆ, ಒಂದು ಲಕ್ಷ ತನಕ ಹಾಕೋಣ ಅಂತ. ಸ್ವರೋವ್‌ಸ್ಕಿ, ಝೈಸ್ ಅಂತ ದುಬಾರಿ ಕಂಪನಿದು ತಗೊಂಡ್ರೆ ಇನ್ನೊಂದು ಜನ್ಮಕ್ಕೆ ಬೇಡ ಅಂತಾರಲ್ಲ, ಅದು ನಿಜಾನಾ, ನಿಜ ಆದ್ರೆ ಇನ್ನೊಂದು ಚೀಟಿ ಹಾಕಿ ಕಾಯೋಕೂ ರೆಡಿ. ಮನೆಯವಳು ಮಾತ್ರ 'ಆ ದುಡ್ಡಿಗೆ ಒಂದು ಸೀಮೆಹಸು ಬರುತ್ತೆ, ಹೊತ್ತೊತ್ತಿಗೆ ಹಾಲಾದ್ರೂ ಕರೆಯುತ್ತೆ' ಅಂತಾಳೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. 8 ತಗೊಳ್ಳಾ 10 ತಗೊಳ್ಳಾ ಅದನ್ನ ಮೊದ್ಲು ಹೇಳಿ.

ಗೂಡು_ರೈತ, ಶಿಡ್ಲಘಟ್ಟ

ಸಾರ್, 8×42. ಕಣ್ಣು ಮುಚ್ಕೊಂಡು.

ಈಗ ಕಾರಣ ಹೇಳ್ತೀನಿ. ಮೊದಲನೇ ನಂಬರ್ ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ, ಎರಡನೇದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಆ ಅಗಲಾನ ಮೊದಲನೇ ನಂಬರಿಂದ ಭಾಗಿಸಿ, ನಿಮ್ಮ ಕಣ್ಣಿಗೆ ಬರೋ ಬೆಳಕಿನ ಬಿಲ್ಲೆ ಎಷ್ಟಗಲ ಅಂತ ಗೊತ್ತಾಗುತ್ತೆ. ನಿಮ್ಮ 10×50ಗೆ 5 ಮಿಲಿಮೀಟರ್, 8×42ಗೆ 5.25. ಅಂದ್ರೆ ಬೆಳಕು ಒಂಚೂರೂ ಕಮ್ಮಿ ಆಗದೆ ಕತ್ತಿನ ಮೇಲಿನ ಹೊರೆ ಇಳಿಯುತ್ತೆ. ಇನ್ನೂ ದೊಡ್ಡ ಬಿಲ್ಲೆ ಬೇಕು ಅಂತ ಆಸೆ ಪಟ್ರೂ ನಮ್ಮ ವಯಸ್ಸಿಗೆ ಕತ್ತಲಲ್ಲೂ ಕಣ್ಣಿನ ಪಾಪೆ ಹುಡುಗರ ಥರ ಅಗಲ ಆಗಲ್ಲ, ಆ ಬೆಳಕು ಪಾಪೆ ಹೊರಗೇ ಬಿದ್ದು ದಂಡ. 10×42ಗೆ ಇಳಿದ್ರೆ 4.2, ನಂದಿ ಮೇಲೆ ಮಂಜು ಕವಿದಾಗ ಬೆಳಿಗ್ಗೆ ಆರೂವರೆಗೆ ಮರದ ಕೆಳಗೆ ಅದು ಗೊತ್ತಾಗುತ್ತೆ.

ಎರಡನೇದು, ಕೈ ನಡುಕ. ಹತ್ತು ಪಟ್ಟು ದೊಡ್ಡದಾಗೋದು ಹಕ್ಕಿ ಒಂದೇ ಅಲ್ಲ, ನಿಮ್ಮ ಏದುಸಿರೂ ಹತ್ತು ಪಟ್ಟೇ. ಮೆಟ್ಟಿಲು ಹತ್ತಿ ನಿಂತ ತಕ್ಷಣ 10 ಎತ್ತಿ ನೋಡಿ, ಹಕ್ಕಿ ಭರತನಾಟ್ಯ ಆಡ್ತಿರುತ್ತೆ.

ಮೂರನೇದು, ಎಷ್ಟಗಲ ಕಾಣುತ್ತೆ ಅನ್ನೋದು. ನಾನಿಟ್ಟಿರೋದು ನಿಕಾನ್ ಮೊನಾರ್ಕ್ ಎಚ್‌ಜಿ 8×42, ಕಿಲೋಮೀಟರ್ ದೂರದಲ್ಲಿ 145 ಮೀಟರ್ ಅಗಲ ಕಾಣುತ್ತೆ, ಅದೇ ಎಚ್‌ಜಿ 10×42 ಆದ್ರೆ 121. ಚಳಿಗಾಲಕ್ಕೆ ಹಿಮಾಲಯದಿಂದ ಇಳಿದು ಬರೋ ನೊಣಹಿಡುಕಗಳು ಒಂದು ಕಡ್ಡಿ ಮೇಲೆ ಮೂರು ಸೆಕೆಂಡ್ ಕೂರಲ್ಲ, ಅಗಲ ಕಮ್ಮಿ ಇದ್ರೆ ನೀವು ಎಲೆ ಎಣಿಸ್ತಾ ಇರ್ತೀರ ಅಷ್ಟೇ.

ತೂಕ 665 ಗ್ರಾಂ. ರೇಷ್ಮೆ ರೇಟು ಒಳ್ಳೇದಿದ್ದ ಒಂದು ಬೆಳೆಯಲ್ಲಿ ತಗೊಂಡೆ, ನಮ್ಮನೇಲೂ ಹಸು ಲೆಕ್ಕ ಬಂತು, ಹಸು ಆಗಲೇ ಎರಡಿತ್ತು ಅದಕ್ಕೆ ಬಚಾವ್.

ನಿಮ್ಮ ಹಳೇದು ಎರಡೆರಡು ತೋರಿಸ್ತಿರೋದು ಒಳಗಿನ ಪ್ರಿಸಮ್ ಜಾಗ ತಪ್ಪಿರೋದಕ್ಕೆ. ಬಿಚ್ಚೋದು ಸುಲಭ, ಎರಡೂ ಕೊಳವೆ ಒಂದೇ ಕಡೆ ನೋಡೋ ಹಾಗೆ ಕೂರಿಸೋದು ಎಲ್ರಿಗೂ ಬರಲ್ಲ. ಅದರಲ್ಲೇ ಕಷ್ಟಪಟ್ಟು ನೋಡ್ಬೇಡಿ, ತಲೆನೋವು ಬರುತ್ತೆ.

ಕಲ್ಪತರು_ನಾಡು, ತುಮಕೂರು

ಎಲ್ರೂ 8, 8 ಅಂತ ಭಜನೆ ಮಾಡ್ತೀರ, ನಾನು 10ರ ಕಡೆ ಮಾತಾಡ್ತೀನಿ.

ಮಧುಗಿರಿ ತಾಲ್ಲೂಕು ಮೈದನಹಳ್ಳಿಗೆ ಬನ್ನಿ ಸಾರ್, ಜಯಮಂಗಲಿ ಕೃಷ್ಣಮೃಗ ಧಾಮ. ಬಟಾಬಯಲು. ಜಿಂಕೆ ಹಿಂಡು ಅಲ್ಲೆಲ್ಲೋ ದೂರದಲ್ಲಿ, ಚಳಿಗಾಲದಲ್ಲಿ ಹುಲ್ಲಿನ ಮೇಲೆ ತೇಲ್ಕೊಂಡು ಹೋಗೋ ಸೆಳೆವಗಳು ಅಂದ್ರೆ ಹ್ಯಾರಿಯರ್‌ಗಳು ಅದಕ್ಕಿಂತ ದೂರದಲ್ಲಿ. ಹೆಣ್ಣು ಸೆಳೆವದ ಮುಖದ ಗೆರೆ ನೋಡಿ ಯಾವ ಜಾತಿ ಅಂತ ಹೇಳ್ಬೇಕಾದ್ರೆ 8 ಸಾಲಲ್ಲ. ನಾನು ಝೈಸ್ ಎಸ್‌ಎಫ್ 10×42 ಇಟ್ಟಿದೀನಿ, ಅದರ ಅಗಲ 120 ಮೀಟರ್, ತೂಕ 800 ಗ್ರಾಂ ಹತ್ತಿರ ಆದ್ರೂ ಭಾರ ಕಣ್ಣಿನ ಕಡೆಗೆ ಇರೋ ಥರ ಮಾಡಿದಾರೆ, ಕೈ ಬೇಗ ಸೋಲಲ್ಲ.

ಆದ್ರೆ ಪ್ರಾಮಾಣಿಕವಾಗಿ ಎರಡು ಮಾತು. ಬೆಳಿಗ್ಗೆ ಹತ್ತು ಗಂಟೆ ಆದ್ಮೇಲೆ ಆ ಬಯಲಲ್ಲಿ ನೆಲ ಕಾದು ಗಾಳಿ ಕುಣಿಯೋಕೆ ಶುರು ಆಗುತ್ತೆ, ಆಮೇಲೆ ಮೂರು ಲಕ್ಷದ್ದೂ ಅಷ್ಟೇ ಮೂರು ಸಾವಿರದ್ದೂ ಅಷ್ಟೇ, ಜಿಂಕೆ ನೀರಲ್ಲಿ ನಿಂತಂಗೆ ಕಾಣುತ್ತೆ. ಇನ್ನು ಶಿರಾ ಕಡೆ ಕಗ್ಗಲಡುಗೆ ಹೋದ್ರೆ ಊರೊಳಗಿನ ಹುಣಸೆಮರದ ಮೇಲೇ ಬಣ್ಣದ ಕೊಕ್ಕರೆ ಗೂಡು ಕಟ್ಟಿರುತ್ತೆ, ಅಲ್ಲಿ 10 ಎತ್ತಿದ್ರೆ ಬರೀ ಕೊಕ್ಕು ಕಾಣುತ್ತೆ. ನಿಮ್ಮ ತಿರುಗಾಟ ಜಾಸ್ತಿ ಬಂಡೆ ಪೊದೆ ಕಡೆನೇ ಆದ್ರೆ ರೈತಣ್ಣ ಹೇಳಿದ್ದೇ ಸರಿ ಇರಬಹುದು. ದೇವರಾಯನದುರ್ಗಕ್ಕೆ ನಾನೇ ಹೆಂಡತಿಯ 8 ಇಸ್ಕೊಂಡು ಹೋಗ್ತೀನಿ, ಯಾರಿಗೂ ಹೇಳ್ಬೇಡಿ.

ಆ ನೇರಳೆ ಅಂಚು ಅಂದ್ರಲ್ಲ, ಅದು ಬೆಳಕಿನ ಬಣ್ಣಗಳೆಲ್ಲ ಗಾಜಿನಲ್ಲಿ ಒಂದೇ ಜಾಗಕ್ಕೆ ಸೇರದೆ ಬರೋದು. ಇಡಿ (ED) ಗ್ಲಾಸ್ ಅಂತ ಬಣ್ಣ ಕಮ್ಮಿ ಚೆದುರಿಸೋ ಗಾಜು ಬರುತ್ತೆ, ಅದು ಇದ್ರೆ ತುಂಬಾ ಕಮ್ಮಿ ಆಗುತ್ತೆ. ಆಕಾಶಕ್ಕೆ ಎದುರಾಗಿ ಕೂತ ಹಕ್ಕಿ ನೋಡೋರಿಗೆ ಅದಕ್ಕೆ ದುಡ್ಡು ಹಾಕಿದ್ರೆ ಮೋಸ ಇಲ್ಲ.

ಅಂತರಗಂಗೆ_ಮೇಡಂ, ಕೋಲಾರ

ನಂದಿ ತಪ್ಪಲು ಸಾರ್, ಇವರಿಬ್ರೂ 8, 10 ಅಂತ ಜಗಳ ಆಡ್ತಾ ನಿಮ್ಮ ಕನ್ನಡಕಾನೇ ಮರೆತುಬಿಟ್ರು!

ನಾನೂ ಕನ್ನಡಕದೋಳು. ಬಾಕ್ಸ್ ಮೇಲೆ ಐ ರಿಲೀಫ್ ಅಂತ ಬರೆದಿರುತ್ತೆ, ಗಾಜಿಂದ ಎಷ್ಟು ದೂರದಲ್ಲಿ ಕಣ್ಣಿಟ್ರೂ ಪೂರ್ತಿ ಚಿತ್ರ ಕಾಣುತ್ತೆ ಅನ್ನೋ ಲೆಕ್ಕ ಅದು. ಕನ್ನಡಕ ಇರೋರು 16 ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ಮುಟ್ಟಲೇ ಬೇಡಿ, ಕೊಳವೆಯೊಳಗಿಂದ ನೋಡಿದಂಗೆ ಇರುತ್ತೆ, 145 ಮೀಟರ್ ಅಗಲಕ್ಕೆ ದುಡ್ಡು ಕೊಟ್ಟು ಅರ್ಧ ನೋಡಿದಂಗೆ. ಎಚ್‌ಜಿ 8×42ದು 17.8, ಸ್ವರೋವ್‌ಸ್ಕಿ ಎನ್‌ಎಲ್ ಪ್ಯೂರ್ 8×42ದು 18, ಝೈಸ್ ಎಸ್‌ಎಫ್ 8×32ದು 19. ನಂಬರ್ ನೋಡಿ ಸುಮ್ನಾಗ್ಬೇಡಿ, ನಿಮ್ಮ ಕನ್ನಡಕದ ಫ್ರೇಮು ಮುಖದಿಂದ ಎಷ್ಟು ಮುಂದೆ ಕೂರುತ್ತೋ ಅದರ ಮೇಲೂ ಹೋಗುತ್ತೆ. ಕಣ್ಣಿನ ಕಪ್ ಪೂರ್ತಿ ಕೆಳಕ್ಕೆ ತಿರುಗಿಸಿ, ಕನ್ನಡಕ ಹಾಕ್ಕೊಂಡೇ ನೋಡಿ, ಸುತ್ತ ಕಪ್ಪು ಉಂಗುರ ಚೂಪಾಗಿ ಕಂಡ್ರೆ ಸರಿ, ಚಿತ್ರ ಹುರುಳಿಕಾಳಿನ ಆಕಾರದ ಕಪ್ಪು ಮಚ್ಚೆ ಹೊಡೀತಾ ಇದ್ರೆ ಅದು ನಿಮ್ದಲ್ಲ.

ನನ್ನ ಮುಖ ಚಿಕ್ಕದು, ಕಣ್ಣುಗಳು ಹತ್ರ ಹತ್ರ. ಕೆಲವು ದೊಡ್ಡ ದುರ್ಬೀನು ಎಷ್ಟು ಮಡಚಿದ್ರೂ ನನ್ನ ಕಣ್ಣಿಗೆ ಸೇರಲ್ಲ. ಅದಕ್ಕೆ ಎಸ್‌ಎಫ್ 8×32 ತಗೊಂಡೆ, 600 ಗ್ರಾಂ, ಅಗಲ 155 ಮೀಟರ್. ಅಂತರಗಂಗೆ ಗುಹೆ ಕಡೆ ಬಂಡೆ ಹಿಡ್ಕೊಂಡು ಹತ್ತುವಾಗ ಎದೆ ಮೇಲೆ ಇದೆ ಅಂತಲೇ ಗೊತ್ತಾಗಲ್ಲ. ಸಂಜೆ ಆರರ ಮೇಲೆ ಮಾತ್ರ 42ರ ಮುಂದೆ ಸೋಲುತ್ತೆ, ಒಪ್ಕೋತೀನಿ.

ತಗೊಂಡ ಕಥೆ ಹೇಳ್ತೀನಿ, ಎಚ್ಚರಿಕೆ ಅಂತ ಇಟ್ಕೊಳ್ಳಿ. ಮೊದಲು ಒಂದು ಆನ್‌ಲೈನ್ ಅಂಗಡಿಯಲ್ಲಿ ಹದಿನೈದು ಸಾವಿರ ಕಮ್ಮಿ ಅಂತ ಬೇರೆ ಒಂದು ಮಾಡೆಲ್ ತರಿಸಿದ್ದೆ. ಎಡಗಣ್ಣು ಬಲಗಣ್ಣು ಫೋಕಸ್ ಹೊಂದಿಸೋ ಡಯಾಪ್ಟರ್ ರಿಂಗು ತನ್ನಷ್ಟಕ್ಕೆ ತಿರುಗ್ತಿತ್ತು. ವಾಪಸ್ ಕಳಿಸೋಣ ಅಂದ್ರೆ ವಾರಂಟಿ ಕಾರ್ಡಿಗೆ ಡೀಲರ್ ಸೀಲೇ ಇಲ್ಲ, ಹೊರದೇಶದಿಂದ ಹಾಗೇ ತಂದಿದ್ದಂತೆ, ಇಲ್ಲಿ ವಾರಂಟಿ ಬರಲ್ಲ ಅಂದ್ರು. ನಾಲ್ಕು ತಿಂಗಳು ಮೇಲ್ ಮಾಡಿ ಮಾಡಿ ಅರ್ಧ ದುಡ್ಡು ಬಂತು. ಉಳಿದರ್ಧಕ್ಕೆ ನೀರು ಬಿಟ್ಟೆ.

ನಂದಿ_ತಪ್ಪಲು

ಅಯ್ಯೋ ಮೇಡಂ, ಐ ರಿಲೀಫ್ ಅಂತ ಒಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಕನ್ನಡಕ ಹಣೆಗೆ ಏರಿಸಿ ನೋಡಿ, ಮತ್ತೆ ಇಳಿಸಿ, ಮತ್ತೆ ಏರಿಸಿ ಮಾಡ್ತಿದ್ದೆ. ಆ ಡಯಾಪ್ಟರ್ ಅಂದ್ರಲ್ಲ, ಬಲಗಡೆ ತಿರುಗೋ ಉಂಗುರಾನಾ? ಅದು ಸುಮ್ನೆ ಡಿಸೈನ್ ಅನ್ಕೊಂಡಿದ್ದೆ.

ಗೂಡು_ರೈತ

ಸಾರ್ 😄 ಬಲಗಡೆ ಗಾಜು ಕೈಲಿ ಮುಚ್ಚಿ, ಎರಡೂ ಕಣ್ಣು ಬಿಟ್ಟೇ ಇರಿ, ದೂರದ ಒಂದು ಬೋರ್ಡು ಎಡಗಣ್ಣಿಗೆ ಮಧ್ಯದ ಚಕ್ರದಲ್ಲಿ ಸರಿ ಮಾಡ್ಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಅದೇ ಬೋರ್ಡನ್ನ ಆ ಉಂಗುರದಲ್ಲಿ ಬಲಗಣ್ಣಿಗೆ ಸರಿ ಮಾಡಿ. ಆಯ್ತು, ಆಮೇಲೆ ಉಂಗುರ ಮುಟ್ಬೇಡಿ. ಆ ಪಿಕಳಾರದ ಹುಬ್ಬು ಕಾಣದೇ ಇದ್ದಿದ್ದರಲ್ಲಿ ಕಾಲು ಭಾಗ ಇದರದ್ದೇ ಇರ್ಬೇಕು.

ಒಂದ್ ಕೆಲಸ ಮಾಡಿ. ಭಾನುವಾರ ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೆ ನಂದಿಗೆ ಬನ್ನಿ. ನನ್ನ ಎಚ್‌ಜಿ ತರ್ತೀನಿ, ಬೆಂಗಳೂರಿನ ಗೆಳೆಯರೊಬ್ರು ಎನ್‌ಎಲ್ ಪ್ಯೂರ್ 8×42 ತರ್ತಾರೆ. ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ದುರ್ಬೀನೂ ಚೆನ್ನಾಗೇ ಕಾಣುತ್ತೆ.

ಅಂತರಗಂಗೆ_ಮೇಡಂ

ನಾನೂ ಬರ್ತೀನಿ, ನನ್ನ 32 ತರ್ತೀನಿ. ಚಿತ್ರಾನ್ನ ನಂದು.

ನಂದಿ_ತಪ್ಪಲು

ಹೋಗಿ ಬಂದೆ, ಬರೀತೀನಿ ಅಂತ ಹೇಳಿದ್ದೆ ಅದಕ್ಕೆ ಬರೀತಿದೀನಿ.

ಮೇಲೆ ಹೋದಾಗ ಮಂಜು ಎಷ್ಟಿತ್ತು ಅಂದ್ರೆ ಪಕ್ಕದಲ್ಲಿದ್ದ ಮೇಡಂ ಅವರ ಚಿತ್ರಾನ್ನದ ಡಬ್ಬಿನೇ ಕಾಣ್ತಿರಲಿಲ್ಲ. ನರ್ಸರಿ ಹತ್ರ ಮರದ ಕೆಳಗೆ ಕಿತ್ತಳೆ ತಲೆಯ ಥ್ರಷ್ ಒಂದು ಒಣಗಿದ ಎಲೆ ಕೆದಕ್ತಾ ಇತ್ತು. ಒಂದೇ ಜಾಗದಲ್ಲಿ ನಿಂತು ಮೂರರಲ್ಲೂ ನೋಡಿದೆ. ಎನ್‌ಎಲ್ ಪ್ಯೂರ್ ಎತ್ತಿದಾಗ, ಹೇಗೆ ಹೇಳಲಿ, ದುರ್ಬೀನು ಇದೆ ಅಂತಲೇ ಮರೆತು ಹೋಯ್ತು, 159 ಮೀಟರ್ ಅಗಲ ಅಂತೆ, ಅಂಚಿನವರೆಗೂ ಎಲೆ ಎಲೆ ಬಿಡಿಬಿಡಿ. ಸುಳ್ಳಾಡಲ್ಲ, ಅದೇ ಚೆಂದ. ತಕ್ಷಣ ಎಚ್‌ಜಿ ಎತ್ತಿದೆ. ಅಂಚಲ್ಲಿ ಒಂಚೂರು ಮೆತ್ತಗಿದೆ, ನಡುವೆ ಹಕ್ಕಿ ಕಣ್ಣಿನ ಕೆಳಗಿನ ಆ ಎರಡು ಉದ್ದುದ್ದ ಗೆರೆ ಎರಡರಲ್ಲೂ ಅಷ್ಟೇ ಸ್ಪಷ್ಟ. ನಾನು ಹಕ್ಕಿನ ನಡುವೆ ಇಟ್ಟೇ ನೋಡೋನು. ಅಷ್ಟಕ್ಕೆ ಎರಡು ಲಕ್ಷದ ಮೇಲೆ ಜಾಸ್ತಿ ಕೊಡೋಕೆ ನನಗೆ ಮನಸ್ಸಾಗಲಿಲ್ಲ, ತೂಕಾನೂ 840 ಗ್ರಾಂ. ಮೇಡಂ ಅವರ 32 ಕೈಗೆ ಬಹಳ ಹಿತ, ಆದ್ರೆ ಆ ಮಂಜಲ್ಲಿ ನನ್ನ ಕಣ್ಣಿಗೆ ಒಂದು ಹದ ಮಬ್ಬಾಯ್ತು.

ಇನ್ನೊಂದು. ಮಂಜು ಹರಿದ ಮೇಲೆ ಬಿಳೀ ಆಕಾಶಕ್ಕೆ ಎದುರಾಗಿ ಮೊಬೈಲ್ ಟವರಿನ ತುದಿ ನೋಡಿ ಅಂದ್ರು. ನನ್ನ ಹಳೇದರಲ್ಲಿ ಪ್ರತಿ ಕಂಬಿಗೂ ಒಂದು ಕಡೆ ನೇರಳೆ ಇನ್ನೊಂದು ಕಡೆ ಹಸಿರು ಜರಿ, ಇವರದರಲ್ಲಿ ಬರೀ ಕಂಬಿ. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯ್ತು.

ಎಚ್‌ಜಿ 8×42 ತಗೊಂಡೆ, ಅಧಿಕೃತ ಡೀಲರ್ ಹತ್ರಾನೇ, ಬಿಲ್ಲು ಸೀಲು ಸಮೇತ. ಲಕ್ಷದೊಳಗೇ ಆಯ್ತು. ಕತ್ತಿನ ಪಟ್ಟಿ ತೆಗೆದು ಹೆಗಲ ಮೇಲೆ ಹಾಕೋ ಎಲಾಸ್ಟಿಕ್ ಹಾರ್ನೆಸ್ ಹಾಕ್ಸಿದೀನಿ, ಮಳೆಗಾಲಕ್ಕೆ ಗಾಳಿ ಆಡದ ಸ್ಟೀಲ್ ಡಬ್ಬ ಮತ್ತೆ ಸಿಲಿಕಾ ಜೆಲ್ ಆಗಲೇ ತಂದಿಟ್ಟಿದೀನಿ. ಇದು ನೈಟ್ರೋಜನ್ ತುಂಬಿ ಸೀಲ್ ಮಾಡಿರೋದು, ಒಳಗೆ ಮಂಜು ಕಟ್ಟಲ್ಲ ಅಂತಾರೆ, ಆದ್ರೂ ಒಂದ್ಸಲ ಸುಟ್ಟ ಬೆಕ್ಕು ನಾನು.

ಮನೆಯವಳಿಗೆ ರೇಟು ಇನ್ನೂ ಹೇಳಿಲ್ಲ. ಹಳದಿ ಕೊರಳಿಂದು ಸಿಕ್ತಾ ಅಂತ ಯಾರೂ ಕೇಳ್ಬೇಡಿ.

ಗೂಡು_ರೈತ

ಸಿಗುತ್ತೆ ಬಿಡಿ. ಮುಂದಿನ ಶನಿವಾರ ಸ್ಕಂದಗಿರಿ, ಟ್ರೆಕ್ ಬುಕಿಂಗ್ ನಾನೇ ಮಾಡ್ತೀನಿ. ನೀವು ಉಂಗುರ ಸರಿ ಮಾಡ್ಕೊಂಡ್ ಬನ್ನಿ ಸಾಕು.