ಕರಿದ ಎಣ್ಣೆಯ ಬಯೋಡೀಸೆಲ್ ತೊಳೆಯುವಾಗ ಹೆಪ್ಪುಗಟ್ಟಿದಂತಾಗುತ್ತಿದೆ: ಪರಿಹಾರವೇನು?

ಪ್ರಶ್ನೆ

ಬಯೋಡೀಸೆಲ್ ತಯಾರಿಸಲು ಕರಿದು ಉಳಿದ ಎಣ್ಣೆಯನ್ನು ಸೋಸಿ, ಅದರ ತೂಕದ ಶೇ. 1ರಷ್ಟು ಸೋಡಿಯಂ ಹೈಡ್ರಾಕ್ಸೈಡನ್ನು (ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕವಾಗಿ) ಮೆಥನಾಲ್‌ನಲ್ಲಿ ಕರಗಿಸಿ ಬೆರೆಸಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕುತ್ತಿದ್ದೇನೆ. ಹೊಸ ಎಣ್ಣೆಯಾದರೆ ಇದೇ ಕ್ರಮದಲ್ಲಿ ಗ್ಲಿಸರಿನ್ ತಳಕ್ಕಿಳಿದು ಸ್ಪಷ್ಟವಾಗಿ ಬೇರ್ಪಡುತ್ತದೆ. ಈ ಎಣ್ಣೆಯಲ್ಲಿ ಪದರಗಳ ಗೆರೆಯೇ ಕಾಣುವುದಿಲ್ಲ. ನೀರು ಹಾಕಿ ತೊಳೆದರೆ ಎಲ್ಲವೂ ಬೆಳ್ಳಗೆ ಹೆಪ್ಪುಗಟ್ಟಿದಂತಾಗುತ್ತದೆ. ವೇಗವರ್ಧಕವನ್ನು ಹೆಚ್ಚಿಸಬೇಕೇ?

ಉತ್ತರ 1

ದಯವಿಟ್ಟು ಹೆಚ್ಚಿಸಬೇಡಿ. ತೊಂದರೆ ತೊಳೆಯುವಾಗ ಕಂಡರೂ ಅದರ ಮೂಲ ಎಣ್ಣೆಯಲ್ಲಿಯೇ ಇರುವಂತಿದೆ. ಪದೇ ಪದೇ ಕಾದ ಎಣ್ಣೆಯಲ್ಲಿ ಕೊಬ್ಬಿನ ಅಣುಗಳು ಒಡೆದು ಮುಕ್ತ ಕೊಬ್ಬಿನಾಮ್ಲಗಳು ಸೇರಿಕೊಳ್ಳುತ್ತವೆ. ಇವು ಕ್ಷಾರದೊಡನೆ ಕೂಡಿ ಸಾಬೂನು ಮತ್ತು ನೀರಾಗುತ್ತವೆ, ಆ ಸಾಬೂನೇ ಬಯೋಡೀಸೆಲನ್ನೂ ನೀರನ್ನೂ ಬೇರಾಗಲು ಬಿಡದೆ ಹಿಡಿದಿಡುತ್ತದೆ. ಮೊದಲು ಟೈಟ್ರೇಷನ್ ಮಾಡಿ (ಕ್ಷಾರದ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಳೆದು) ಆಮ್ಲ ಮೌಲ್ಯ, ಅಂದರೆ ಒಂದು ಗ್ರಾಂ ಎಣ್ಣೆಯ ಆಮ್ಲವನ್ನು ತಟಸ್ಥಗೊಳಿಸಲು ಬೇಕಾಗುವ ಕ್ಷಾರದ ಪ್ರಮಾಣ, ಎಷ್ಟೆಂದು ತಿಳಿಸಿ.

ಪ್ರಶ್ನೆ ಕೇಳಿದವರು

ಗ್ರಾಂ ಎಣ್ಣೆಗೆ 9 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕಾಯಿತು. ಸುಣ್ಣದಂತಹ ಘನ ವೇಗವರ್ಧಕ ಬಳಸಿದರೆ ಈ ತೊಡಕು ತಪ್ಪುವುದೇ?

ಉತ್ತರ 1

ಇದರರ್ಥ ಎಣ್ಣೆಯಲ್ಲಿ ಸುಮಾರು ಶೇ. 4.5ರಷ್ಟು ಮುಕ್ತ ಆಮ್ಲವಿದೆ. 100 ಗ್ರಾಂ ಎಣ್ಣೆಗೆ ನೀವು ಹಾಕುವ 1 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಸುಮಾರು 0.64 ಗ್ರಾಂ ಈ ಆಮ್ಲವನ್ನು ಸಾಬೂನಾಗಿಸುವುದಕ್ಕೇ ಖರ್ಚಾಗುತ್ತದೆ. ಎಣ್ಣೆಯನ್ನು ಬಯೋಡೀಸೆಲ್ ಆಗಿಸುವ ಮುಖ್ಯ ಕ್ರಿಯೆಗೆ ಉಳಿಯುವುದು ಅಲ್ಪ.

ಎಣ್ಣೆಯನ್ನು ಕಾಯಿಸಿ ನೀರಿನಂಶ ತೆಗೆದು, ತಣಿದ ಬಳಿಕ ಆಮ್ಲದಿಂದ ಪೂರ್ವಸಂಸ್ಕರಣೆ ಮಾಡಿ, ಇದರಲ್ಲಿ ಮುಕ್ತ ಆಮ್ಲವು ಮೆಥನಾಲ್‌ನೊಡನೆ ಕೂಡಿ ಬಯೋಡೀಸೆಲ್ ಮತ್ತು ನೀರಾಗುತ್ತದೆ. ಪ್ರತಿ ಗ್ರಾಂ ಮುಕ್ತ ಆಮ್ಲಕ್ಕೆ 2.25 ಗ್ರಾಂ ಮೆಥನಾಲ್, 0.05 ಗ್ರಾಂ ಸಲ್ಫ್ಯೂರಿಕ್ ಆಮ್ಲ ಎಂಬುದು ರೂಢಿಯ ಪ್ರಮಾಣ. ಕಲಕಿ, ನಿಲ್ಲಲು ಬಿಟ್ಟು, ಬೇರ್ಪಟ್ಟ ಮೆಥನಾಲ್-ನೀರಿನ ಪದರವನ್ನು ತೆಗೆಯಬೇಕು, ಏಕೆಂದರೆ ಆ ನೀರು ಉಳಿದರೆ ಮುಂದಿನ ಹಂತ ಮತ್ತೆ ಕೆಡುತ್ತದೆ. ಮುಕ್ತ ಆಮ್ಲ ಶೇ. 1ಕ್ಕಿಂತ ಕೆಳಗಿಳಿದ ಮೇಲಷ್ಟೇ ಕ್ಷಾರದ ಹಂತಕ್ಕೆ ಹೋಗಿ. ಆಗ ವೇಗವರ್ಧಕವಾಗಿ ಹಾಕುವ ಕ್ಷಾರದ ಜೊತೆಗೆ, ಉಳಿದ ಆಮ್ಲವನ್ನು ತಟಸ್ಥಗೊಳಿಸಲು ಬೇಕಾದಷ್ಟು ಕ್ಷಾರವನ್ನೂ ಲೆಕ್ಕಹಾಕಿ ಸೇರಿಸಿ. ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುತ್ತದೆ, ಆವಿ ವಿಷಕಾರಿ, ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಗಾಳಿಯಾಡುವ ಜಾಗ, ಕಿಡಿಯಿಲ್ಲದ ಉಪಕರಣ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ಉತ್ತರ 2

ಸುಣ್ಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೊಟ್ಟೆಚಿಪ್ಪನ್ನು 800–900 ಡಿಗ್ರಿಯಲ್ಲಿ ಸುಟ್ಟು ಪಡೆಯುವ ಕ್ಯಾಲ್ಸಿಯಂ ಆಕ್ಸೈಡ್ ತ್ಯಾಜ್ಯದಿಂದಲೇ ಸಿಗುವ ಉತ್ತಮ ವೇಗವರ್ಧಕ, ಆದರೆ ಅದೂ ಕ್ಷಾರವೇ ಆದ್ದರಿಂದ ಇಷ್ಟು ಆಮ್ಲವಿದ್ದಲ್ಲಿ ಕ್ಯಾಲ್ಸಿಯಂ ಸಾಬೂನು ಉಂಟಾಗುತ್ತದೆ. ಕೀಳುಮಟ್ಟದ ಎಣ್ಣೆಗೆ ನನಗೆ ಹೆಚ್ಚು ಭರವಸೆ ಮೂಡಿಸಿರುವುದು ಲೈಪೇಸ್ ಕಿಣ್ವ: ಅದು ಎಣ್ಣೆಯನ್ನೂ ಮುಕ್ತ ಆಮ್ಲವನ್ನೂ ಎಸ್ಟರ್ (ಬಯೋಡೀಸೆಲ್‌ನ ಮೂಲ ವಸ್ತು) ಆಗಿಸುತ್ತದೆ, 40 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಕ್ರಿಯೆ ಮಾತ್ರ ನಿಧಾನ, ಮೆಥನಾಲ್ ಒಮ್ಮೆಲೇ ಹೆಚ್ಚಾದರೆ ಕಿಣ್ವ ನಿಷ್ಕ್ರಿಯವಾಗುವುದರಿಂದ ಕಂತುಕಂತಾಗಿ ಸೇರಿಸಬೇಕು.

ಪ್ರಶ್ನೆ ಕೇಳಿದವರು

ಪೂರ್ವಸಂಸ್ಕರಣೆಯ ನಂತರ ಆಮ್ಲ ಮೌಲ್ಯ 1.2ಕ್ಕೆ ಇಳಿದು, ಗ್ಲಿಸರಿನ್ ಸ್ವಚ್ಛವಾಗಿ ಬೇರ್ಪಟ್ಟಿತು. ಕ್ರಿಯೆ ಪೂರ್ಣವಾಗಿದೆಯೇ ಎಂದು ನೋಡುವುದು ಹೇಗೆ?

ಉತ್ತರ 1

3 ಮಿಲಿಲೀಟರ್ ಬಯೋಡೀಸೆಲನ್ನು 27 ಮಿಲಿಲೀಟರ್ ಮೆಥನಾಲ್‌ಗೆ ಹಾಕಿ ಅಲುಗಾಡಿಸಿ, ಕೋಣೆಯ ಉಷ್ಣಾಂಶದಲ್ಲಿ ಬಿಡಿ. ತಳದಲ್ಲಿ ಹನಿ ಕೂತರೆ ಬದಲಾಗದ ಎಣ್ಣೆ ಇನ್ನೂ ಇದೆ. ಇದು ಪ್ರಾಥಮಿಕ ಪರೀಕ್ಷೆ ಮಾತ್ರ. ಯುರೋಪಿನ ಇಎನ್ 14214 ಮಾನದಂಡ ಕೇಳುವ ಶೇ. 96.5 ಎಸ್ಟರ್ ಪ್ರಮಾಣವನ್ನು ಖಚಿತಪಡಿಸಲು ಗ್ಯಾಸ್ ಕ್ರೊಮ್ಯಾಟೋಗ್ರಫಿಯೇ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯ ವಿಧಾನ) ಬೇಕು.